ಅಮ್ಮನಿಗೆ ಕ್ವಿಲ್ಟ್ ಅಂಗಡಿ, ಅಪ್ಪನಿಗೆ ಹಳೇ ಮನೆ: ಆರ್‌ವಿಯಲ್ಲಿ ಯಾವ ದಾರಿ ಹಿಡಿಯಲಿ?

ಪ್ರಶ್ನೆ: ಜೂನ್‌ನಲ್ಲಿ ಅಪ್ಪ ಅಮ್ಮ ಧಾರವಾಡದಿಂದ ಶಿಕಾಗೋಗೆ ಬರುತ್ತಿದ್ದಾರೆ. ಅಮ್ಮ ಕೌದಿ ಹೊಲಿಯುತ್ತಾರೆ, ಇಲ್ಲಿನ ಕೌದಿಯಾದ ಕ್ವಿಲ್ಟ್‌ನ ಅಂಗಡಿಗಳನ್ನು ನೋಡಬೇಕೆಂದು ಆಸೆ. ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದ ಮಾಸ್ತರ್. ದೊಡ್ಡವರು ಬಾಳಿದ ಮನೆಗಳನ್ನು ತೋರಿಸಿದರೆ ಅವರಿಗೆ ಬೇರೇನೂ ಬೇಡ. ಆರ್‌ವಿ (ಮಲಗೋಕೆ, ಅಡುಗೆಗೆ ಜಾಗವಿರುವ ಮನೆಯಂಥ ಗಾಡಿ) ಬಾಡಿಗೆಗೆ ತೆಗೆದುಕೊಂಡು ಒಂದು ವಾರ ಹೋಗೋಣ ಅಂತಿದ್ದೇವೆ. ಎರಡೂ ಸಿಗುವ ದಾರಿ ಇದೆಯಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಉತ್ತರ, ನೇಪರ್‌ವಿಲ್‌ನಿಂದ: ಇದೆ, ಅದೂ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ. ಐ-55 ಹೆದ್ದಾರಿಯಲ್ಲಿ ಸುಮಾರು 200 ಮೈಲಿ ಹೋದರೆ ಇಲಿನಾಯ್ ರಾಜಧಾನಿ ಸ್ಪ್ರಿಂಗ್‌ಫೀಲ್ಡ್. ಅಲ್ಲಿಂದ ಪಶ್ಚಿಮಕ್ಕೆ ಐ-72. ಮಿಸಿಸಿಪ್ಪಿ ನದಿ ದಾಟಿದ ಮೇಲೆ ಯುಎಸ್-36 ಹಿಡಿದು ನೇರ ಹೋಗಿ. ಹ್ಯಾನಿಬಲ್, ಮಾರ್ಸಲೀನ್, ಲಕ್ಲೀಡ್, ಹ್ಯಾಮಿಲ್ಟನ್, ಸೇಂಟ್ ಜೋಸೆಫ್ ಎಲ್ಲಾ ಇದೇ ರಸ್ತೆಯ ಮೇಲೆ ಅಥವಾ ಪಕ್ಕದಲ್ಲೇ ಇವೆ. ನಾವು ಅತ್ತೆ ಮಾವನ ಜೊತೆ ಹೋಗಿದ್ದು ಇದೇ ದಾರಿಯಲ್ಲಿ.

ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಲಿಂಕನ್ ಮನೆ ನೋಡಿ. ಅವರು ಬದುಕಿನಲ್ಲಿ ಸ್ವಂತಕ್ಕೆ ಅಂತ ಕೊಂಡ ಮನೆ ಇದೊಂದೇ. ಕೊಂಡಿದ್ದು 1844ರಲ್ಲಿ, ಅಧ್ಯಕ್ಷರಾಗಿ ವಾಷಿಂಗ್ಟನ್‌ಗೆ ಹೊರಟಿದ್ದು 1861ರಲ್ಲಿ. ಪ್ರವೇಶಕ್ಕೆ ದುಡ್ಡಿಲ್ಲ. ಆದರೆ ರೇಂಜರ್ (ಅಲ್ಲಿನ ಸಿಬ್ಬಂದಿ) ಜೊತೆಗೇ ಒಳಗೆ ಹೋಗಬೇಕು, ಅದಕ್ಕೆ ವಿಸಿಟರ್ ಸೆಂಟರ್‌ನಲ್ಲಿ ಟಿಕೆಟ್ ತಗೋಬೇಕು. ಮೆಟ್ಟಿಲಿನ ಮರದ ರೇಲಿಂಗ್ ಲಿಂಕನ್ ಕಾಲದ್ದೇ, ಮುಟ್ಟಬಹುದು ಅಂತ ರೇಂಜರ್ ಹೇಳಿದರು. ನಮ್ಮ ಮಾವ ಮೇಲೆ ಹತ್ತುವವರೆಗೂ ಅದರಿಂದ ಕೈ ತೆಗೆಯಲಿಲ್ಲ. ನಿಮ್ಮ ಅಪ್ಪನಿಗೆ ಇಲ್ಲಿ ಪೂರ್ತಿ ಒಂದು ಬೆಳಗ್ಗೆ ಬಿಟ್ಟುಬಿಡಿ. ಸುತ್ತಲಿನ ಬೀದಿಗಳಿಗೂ ವಾಹನ ಬಿಡುವುದಿಲ್ಲ, ಆರಾಮಾಗಿ ನಡೆಯಬಹುದು.

ನನ್ನ ಸಲಹೆ ಇಷ್ಟೇ: ದಿನಕ್ಕೆ ಒಂದೇ ಮನೆ, ಅದೂ ಬೆಳಗ್ಗೆ. ಮನೆಗಳಿಗೆ ಗೊತ್ತಾದ ಸಮಯ ಇರುತ್ತದೆ, ಹೊತ್ತು ಮೀರಿದರೆ ಅಂದಿನ ಟಿಕೆಟ್ ಮುಗಿದುಹೋಗಬಹುದು. ಬಟ್ಟೆ ಅಂಗಡಿ ಮಧ್ಯಾಹ್ನಕ್ಕೆ ಇರಲಿ. ಬಿಸಿಲಲ್ಲಿ ಎಸಿ ಅಂಗಡಿಯೊಳಗೆ ಇರೋದು ವಯಸ್ಸಾದವರಿಗೂ ಹಿತ. ಅಂಗಡಿ ಮೊದಲು ಇಟ್ಟುಕೊಂಡರೆ ಅಮ್ಮನನ್ನು ಅವಸರ ಮಾಡಿ ಹೊರಡಿಸಬೇಕಾಗುತ್ತದೆ. ಅಷ್ಟು ದೂರದಿಂದ ಬಂದವರಿಗೆ ಹಾಗೆ ಮಾಡಬಾರದು ಅಲ್ವಾ?

ಹ್ಯಾನಿಬಲ್‌ನಲ್ಲಿ ಲೇಖಕ ಮಾರ್ಕ್ ಟ್ವೈನ್ ಬಾಲ್ಯದ ಮನೆ, ಲಕ್ಲೀಡ್‌ನಲ್ಲಿ ಮೊದಲ ಮಹಾಯುದ್ಧದ ಜನರಲ್ ಪರ್ಶಿಂಗ್ ಬೆಳೆದ ಮನೆ. ಮಾರ್ಸಲೀನ್‌ನಲ್ಲಿ ವಾಲ್ಟ್ ಡಿಸ್ನಿ ಮ್ಯೂಸಿಯಂ ಹಳೇ ರೈಲ್ವೆ ಸ್ಟೇಷನ್‌ನಲ್ಲಿದೆ. ಸಮಯ ಕಡಿಮೆ ಬಿದ್ದರೆ ನಾನಾದರೆ ಮಾರ್ಸಲೀನ್ ಬಿಡುತ್ತೇನೆ, ಲಕ್ಲೀಡ್ ಬಿಡುವುದಿಲ್ಲ.

ಹ್ಯಾಮಿಲ್ಟನ್ ನಿಮ್ಮ ಅಮ್ಮನ ಊರು. ಎರಡು ಸಾವಿರ ಜನವೂ ಇಲ್ಲದ ಊರಿನಲ್ಲಿ ಮುಖ್ಯ ಬೀದಿಯ ತುಂಬಾ ಕ್ವಿಲ್ಟ್ ಅಂಗಡಿ. ಮಿಸೌರಿ ಸ್ಟಾರ್ ಅನ್ನೋ ಕಂಪನಿ 2008ರಲ್ಲಿ ಒಂದು ಕುಟುಂಬ ಶುರು ಮಾಡಿದ್ದು. ಹಳೇ ಕಟ್ಟಡಗಳನ್ನು ಒಂದೊಂದಾಗಿ ರಿಪೇರಿ ಮಾಡಿ ಬಾಟಿಕ್‌ಗೆ ಒಂದು, ಹಬ್ಬದ ಬಟ್ಟೆಗೆ ಒಂದು, ಮಕ್ಕಳ ಬಟ್ಟೆಗೆ ಒಂದು ಅಂತ ಬೇರೆ ಬೇರೆ ಅಂಗಡಿ ಮಾಡಿದ್ದಾರೆ. ಜೊತೆಗೆ ಬಂದ ಗಂಡಸರು ಕೂತು ಟಿವಿ ನೋಡೋಕೂ ಒಂದು ಜಾಗ ಇದೆ. ಆದರೆ ನಿಮ್ಮ ಅಪ್ಪ ಅಲ್ಲಿ ಕೂರಬೇಕಿಲ್ಲ. ಡಿಪಾರ್ಟ್‌ಮೆಂಟ್ ಸ್ಟೋರ್‌ಗಳ ಜೆ.ಸಿ. ಪೆನ್ನಿ 1875ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ, ಅವರ 500ನೇ ಅಂಗಡಿ ತೆರೆದದ್ದೂ ಇಲ್ಲೇ. ಅವರ ಹೆಸರಿನ ಲೈಬ್ರರಿ, ಮ್ಯೂಸಿಯಂ ಇದೆ. ಹಳೇ ಶಾಲೆಯ ಕಟ್ಟಡದಲ್ಲಿ ಕ್ವಿಲ್ಟ್ ಮ್ಯೂಸಿಯಂ ಇದೆ, ಅದನ್ನು ಇಬ್ಬರೂ ನೋಡಲಿ. ಒಂದು ಮಾತು, ಭಾನುವಾರ ಈ ಊರಿಗೆ ಬರೋ ಹಾಗೆ ಪ್ಲಾನ್ ಮಾಡಬೇಡಿ. ಸಣ್ಣ ಊರುಗಳಲ್ಲಿ ಅಂದು ಅಂಗಡಿ ಮುಚ್ಚಿರೋದು ಜಾಸ್ತಿ.

ಉತ್ತರ, ಕಾನ್ಸಾಸ್ ಸಿಟಿಯಿಂದ: ಮೇಲಿನವರು ದಾರಿ ಸರಿಯಾಗಿ ಹೇಳಿದ್ದಾರೆ. ನಾನು ಗಾಡಿ ಬಗ್ಗೆ ಹೇಳುತ್ತೇನೆ. ನಾಲ್ಕು ಜನಕ್ಕೆ 25 ಅಡಿ ಆಸುಪಾಸಿನ ಕ್ಲಾಸ್ ಸಿ ಅನ್ನೋ ಮಧ್ಯಮ ಗಾತ್ರದ ಆರ್‌ವಿ ಸಾಕು. ಅದಕ್ಕಿಂತ ಉದ್ದದ್ದು ಈ ಹಳೇ ಊರುಗಳ ಬೀದಿಯಲ್ಲಿ ತಿರುಗಿಸೋದು ಕಷ್ಟ. ಎತ್ತರ 11–12 ಅಡಿ ಇರುತ್ತದೆ. ಸರಿಯಾದ ಅಳತೆ ಕೇಳಿ ಚೀಟಿಯಲ್ಲಿ ಬರೆದು ಸ್ಟೇರಿಂಗ್ ಹತ್ತಿರ ಅಂಟಿಸಿ. ಬಾಡಿಗೆಗೆ ಮೈಲಿ ಲೆಕ್ಕ, ಜನರೇಟರ್ ಗಂಟೆ ಲೆಕ್ಕ ಬೇರೆ ಸೇರುತ್ತದೆಯಾ ಅಂತ ಮೊದಲೇ ಕೇಳಿ.

ರಾತ್ರಿಗೆ ಹ್ಯಾನಿಬಲ್‌ನಲ್ಲಿ ಮಾರ್ಕ್ ಟ್ವೈನ್ ಗುಹೆಯ ಹತ್ತಿರದ ಕ್ಯಾಂಪ್‌ಗ್ರೌಂಡ್ ಒಳ್ಳೇದು. ಲಕ್ಲೀಡ್ ಹತ್ತಿರ ಪರ್ಶಿಂಗ್ ಸ್ಟೇಟ್ ಪಾರ್ಕ್, ಹ್ಯಾಮಿಲ್ಟನ್ ಆಚೆ ಕ್ಯಾಮರನ್‌ನಲ್ಲಿ ವಾಲೇಸ್ ಸ್ಟೇಟ್ ಪಾರ್ಕ್. ಕರೆಂಟ್ ಇರುವ ಸೈಟ್‌ನ್ನೇ ಬುಕ್ ಮಾಡಿ. ಜೂನ್ ಸೆಖೆಯಲ್ಲಿ ಎಸಿ ಇಲ್ಲದೆ ಹಿರಿಯರಿಗೆ ನಿದ್ದೆ ಬರಲ್ಲ.

ಒಂದು ದಿನ ಜಾಸ್ತಿ ಸಿಕ್ಕರೆ ನಮ್ಮ ಊರಿನ ಪಕ್ಕದ ಇಂಡಿಪೆಂಡೆನ್ಸ್‌ಗೆ ಬನ್ನಿ. ಅಮೆರಿಕದ ಅಧ್ಯಕ್ಷರಾಗಿದ್ದ ಟ್ರೂಮನ್ 1919ರಿಂದ 1972ರಲ್ಲಿ ತೀರಿಕೊಳ್ಳುವವರೆಗೆ ಮನೆ ಅಂದುಕೊಂಡಿದ್ದು ಅಲ್ಲಿನದನ್ನೇ. ಅವರ ಕೋಟು, ಟೋಪಿ ಇನ್ನೂ ಗೂಟಕ್ಕೆ ನೇತಾಡುತ್ತಿವೆ. ಅಧ್ಯಕ್ಷರಾದವರ ಅಡುಗೆಮನೆ ಇಷ್ಟು ಸಾದಾ ಇರೋದು ನೋಡಿದರೆ ನಿಮ್ಮ ಅಪ್ಪ ಬಹಳ ಖುಷಿಪಡುತ್ತಾರೆ. ಮೇಲಿನ ಮಹಡಿಗೆ ಯಾರನ್ನೂ ಬಿಡುವುದಿಲ್ಲ, ಹಾಗಾಗಿ ಮೊಣಕಾಲು ನೋವಿದ್ದರೂ ಚಿಂತೆಯಿಲ್ಲ. ಆರ್‌ವಿಯನ್ನು ಕ್ಯಾಂಪ್‌ನಲ್ಲೇ ಬಿಟ್ಟು ಊಬರ್‌ನಲ್ಲಿ ಹೋಗಿ.

ಉತ್ತರ, ಕ್ವಿಲ್ಟ್ ಹೊಲಿಯುವವರೊಬ್ಬರಿಂದ: ಅಮ್ಮನಿಗೆ ಏನು ಕೊಡಿಸಬೇಕು ಅನ್ನೋದನ್ನೂ ಹೇಳಿಬಿಡುತ್ತೇನೆ. ಕೌದಿಗೆ ನಮ್ಮಲ್ಲಿ ಹಳೇ ಸೀರೆ, ಧೋತ್ರ ಪದರ ಪದರವಾಗಿ ಹಾಕುತ್ತಾರೆ. ಇಲ್ಲಿ ಮೇಲೊಂದು, ಕೆಳಗೊಂದು ಬಟ್ಟೆ, ನಡುವೆ ಹತ್ತಿ ಅಥವಾ ಪಾಲಿಸ್ಟರ್ ಹಾಸು. ಆ ಹಾಸು ಕೊಳ್ಳಬೇಡಿ, ಸೂಟ್‌ಕೇಸನ್ನೆಲ್ಲಾ ಅದೇ ತುಂಬಿಕೊಳ್ಳುತ್ತದೆ. ಊರಲ್ಲಿ ಹಳೇ ಸೀರೆ ಇದ್ದೇ ಇರುತ್ತದಲ್ಲ.

ಜೆಲ್ಲಿ ರೋಲ್ ಕೊಡಿಸಿ. ಎರಡೂವರೆ ಇಂಚು ಅಗಲದ ಪಟ್ಟಿಗಳನ್ನು ಒಂದೇ ಸಂಗ್ರಹದ ಬಣ್ಣಗಳಲ್ಲಿ ಸುತ್ತಿ ಕಟ್ಟಿರುತ್ತಾರೆ, ಕತ್ತರಿಸೋ ಕೆಲಸವೇ ಇರುವುದಿಲ್ಲ. ಫ್ಯಾಟ್ ಕ್ವಾರ್ಟರ್ ಅಂದರೆ 18ಕ್ಕೆ 22 ಇಂಚಿನ ತುಂಡು. ಇಷ್ಟವಾದ ಬಣ್ಣ ಒಂದೊಂದೇ ಆರಿಸೋಕೆ ಇದು ಚೆನ್ನ. ಎಲ್ಲಕ್ಕಿಂತ ಮುಖ್ಯವಾಗಿ 8ನೇ ನಂಬರಿನ ಪರ್ಲ್ ಕಾಟನ್ ದಾರ ಕೇಳಿ. ಇಲ್ಲಿ ಕೈಯಲ್ಲಿ ದೊಡ್ಡ ಹೊಲಿಗೆ ಹಾಕುವವರು ಅದನ್ನೇ ಬಳಸುತ್ತಾರೆ. ಕೌದಿಯ ಓಡುಹೊಲಿಗೆ ಅದರಲ್ಲಿ ಎದ್ದು ಕಾಣುತ್ತದೆ.

ಹೊಲಿಗೆ ಯಂತ್ರ ಚೆಂದ ಕಂಡರೂ ಬೇಡ. ಇಲ್ಲಿಯದು 110–120 ವೋಲ್ಟ್, ಊರಿನದು 230. ಮತ್ತೆ ರೋಟರಿ ಕಟರ್ (ಬಟ್ಟೆ ಕತ್ತರಿಸೋ ದುಂಡು ಬ್ಲೇಡಿನ ಸಾಧನ) ಕೊಂಡರೆ ಬ್ಲೇಡ್ ಸಮೇತ ಚೆಕ್-ಇನ್ ಬ್ಯಾಗಿಗೇ ಹಾಕಿ.