ರಾಸ್ಪ್‌ಬೆರಿ ಪೈನಲ್ಲಿ ಹಳೇ ಗೇಮ್‌ಗಳ ಲೈಬ್ರರಿ: ಮಾಡಿದವರು ಸ್ವಲ್ಪ ಹೇಳಿ

ಹಾಸನದಿಂದ (ಕೇಳಿದವರು):
ಮನೆಯಲ್ಲಿ 4 ಜಿಬಿಯ ರಾಸ್ಪ್‌ಬೆರಿ ಪೈ 4 (ಅಂಗೈಯಷ್ಟು ಚಿಕ್ಕ ಕಂಪ್ಯೂಟರ್) ಸುಮ್ನೆ ಬಿದ್ದಿದೆ. ಹಳೇ ಗೇಮ್‌ಗಳು ಒಂದು ಹಾರ್ಡ್ ಡಿಸ್ಕ್‌ನಲ್ಲಿ ಚೆಲ್ಲಾಪಿಲ್ಲಿಯಾಗಿವೆ. ರಾಮ್‌ಎಮ್ ಎಂಬ ಗೇಮ್ ಲೈಬ್ರರಿ ಸಾಫ್ಟ್‌ವೇರ್ ಹಾಕಿದರೆ ಕವರ್ ಚಿತ್ರ, ಹೆಸರು, ವರ್ಷ ಎಲ್ಲ ತಾನೇ ಹುಡುಕಿ ಜೋಡಿಸುತ್ತದಂತೆ. ಬ್ರೌಸರ್‌ನಲ್ಲೇ ಆಡಲೂಬಹುದಂತೆ. ಬೇಸಿಗೆ ರಜೆಯಲ್ಲಿ ನಾವು ಆಡುತ್ತಿದ್ದ ಕಾಂಟ್ರಾವನ್ನು ಮಗಳಿಗೆ ತೋರಿಸಬೇಕು ಅಂತ ಆಸೆ. ಇಷ್ಟು ಚಿಕ್ಕ ಪೆಟ್ಟಿಗೆಗೆ ಇದು ಭಾರ ಆಗುತ್ತದಾ? ಅದನ್ನು ಹಾಕಲು ಬೇಕಾದ ಡಾಕರ್ (ಸಾಫ್ಟ್‌ವೇರನ್ನು ಬೇರೆ ಡಬ್ಬಿಯಲ್ಲಿಟ್ಟ ಹಾಗೆ ಓಡಿಸುವ ವ್ಯವಸ್ಥೆ) ನನಗೆ ಹೊಸದು.

ಧಾರವಾಡದಿಂದ:
ಭಾರ ಏನೂ ಆಗುವುದಿಲ್ಲ ಸರ್. ಬ್ರೌಸರ್‌ನಲ್ಲಿ ಆಡುವಾಗ ಗೇಮ್ ಓಡುವುದು ಪೈ ಮೇಲೆ ಅಲ್ಲ, ನೀವು ಕೂತಿರುವ ಲ್ಯಾಪ್‌ಟಾಪ್ ಮೇಲೆ. ಹಳೇ ಗೇಮ್ ಯಂತ್ರವನ್ನು ಬ್ರೌಸರ್‌ನಲ್ಲೇ ಅನುಕರಿಸುವ ಎಮ್ಯುಲೇಟರ್‌ಜೆಎಸ್ ಎಂಬುದು ಆ ಕೆಲಸ ಮಾಡುತ್ತದೆ. ಪೈ ಫೈಲ್ ಕಳಿಸಿ ಸುಮ್ಮನಾಗುತ್ತದೆ. ಸೂಪರ್ ಮಾರಿಯೋ ಬ್ರದರ್ಸ್ ಇಡೀ ಗೇಮ್ 40 ಕೆಬಿ ಅಷ್ಟೇ. ವಾಟ್ಸಾಪ್‌ಗೆ ಬರುವ ಶುಭೋದಯದ ಚಿತ್ರ ಅದಕ್ಕಿಂತ ದೊಡ್ಡದು!

ಪೈ ಬೆವರುವುದು ಸ್ಕ್ಯಾನ್ ಮಾಡುವಾಗ, ಅಂದರೆ ಫೈಲ್‌ಗಳನ್ನು ಓದಿ ಯಾವ ಗೇಮ್ ಅಂತ ಗುರುತಿಸುವಾಗ. ನಾನು ಮಾಡಿದ ತಪ್ಪು ಕೇಳಿ. ಸಾವಿರಾರು ಫೈಲ್ ಇದ್ದ ಡಿಸ್ಕನ್ನು ಒಂದೇ ಸಲಕ್ಕೆ ತೋರಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ಒಂದೇ ಗೇಮ್ ನಾಲ್ಕು ಕಡೆ: ಅಮೆರಿಕದ್ದು, ಜಪಾನಿನದ್ದು, ಯುರೋಪಿನದ್ದು, ಯಾರೋ ತಿದ್ದಿದ್ದು ಇನ್ನೊಂದು. ನಮ್ಮ ಕಾಲದ 'ಲಕ್ಷ ಗೇಮ್' ಕ್ಯಾಸೆಟ್ಟಿನ ಫೈಲ್‌ಗಳಿಗೆ ಕವರೂ ಇಲ್ಲ, ಹೆಸರೂ ಇಲ್ಲ. ಎಲ್ಲ ಅಳಿಸಿ ಇಪ್ಪತ್ತೇ ಗೇಮ್‌ನಿಂದ ಮತ್ತೆ ಶುರು ಮಾಡಿದೆ. ನೀವೂ ಹಾಗೇ ಮಾಡಿ. ಸಾಫ್ಟ್‌ವೇರ್ ಹಾಕುವುದು ಒಂದು ಸಂಜೆಯ ಕೆಲಸ. ಗೇಮ್ ಆರಿಸುವುದೇ ನಿಜವಾದ ಕೆಲಸ.

ಲೈಬ್ರರಿ ಫೋಲ್ಡರ್ ಒಳಗೆ ರಾಮ್ಸ್ (ಗೇಮ್ ಫೈಲ್‌ಗಳ ಫೋಲ್ಡರ್), ಅದರೊಳಗೆ ಒಂದೊಂದು ಕನ್ಸೋಲ್‌ಗೆ (ಗೇಮ್ ಯಂತ್ರಕ್ಕೆ) ಒಂದೊಂದು ಫೋಲ್ಡರ್. ಅದರ ಹೆಸರು ರಾಮ್‌ಎಮ್‌ನವರ ಪಟ್ಟಿಯಲ್ಲಿ ಇರುವ ಹಾಗೇ ಇರಬೇಕು. ನಿಮ್ಮ ಹೆಸರೇ ಬೇಕೆಂದರೆ ಕಾನ್ಫಿಗ್ ಫೈಲ್‌ನಲ್ಲಿ ಯಾವುದು ಯಾವುದಕ್ಕೆ ಅಂತ ಬರೆಯಬಹುದು.

ಮೈಸೂರಿನಿಂದ:
ಮೊದಲು 64 ಬಿಟ್ ಓಎಸ್ ಹಾಕಿಕೊಳ್ಳಿ. ಡಾಕರ್‌ಗೆ ಹೆದರಬೇಡಿ, ಏನೇನು ಓಡಿಸಬೇಕು ಅಂತ ಬರೆದಿರುವ ಕಂಪೋಸ್ ಫೈಲ್ ಒಂದನ್ನು ತಿದ್ದಿದರೆ ಆಯಿತು. ಅದರಲ್ಲಿ ಎರಡು ಭಾಗ: ರಾಮ್‌ಎಮ್ ಒಂದು, ಮರಿಯಾಡಿಬಿ ಡೇಟಾಬೇಸ್ ಒಂದು. ಡೇಟಾಬೇಸ್ ಪಾಸ್‌ವರ್ಡ್ ಎರಡೂ ಕಡೆ ಒಂದೇ ಇರಬೇಕು. ನನ್ನ ಅರ್ಧ ಭಾನುವಾರ ಹೋಗಿದ್ದು ಅಲ್ಲೇ.

ಕವರ್ ಚಿತ್ರ ಬರುವುದು ಐಜಿಡಿಬಿ ಎಂಬ ಗೇಮ್ ಮಾಹಿತಿ ತಾಣದಿಂದ. ಅದು ಗೇಮ್ ಆಡುವುದನ್ನು ನೇರವಾಗಿ ತೋರಿಸುವ ತಾಣ ಟ್ವಿಚ್‌ನದ್ದು. ಹಾಗಾಗಿ ಟ್ವಿಚ್ ಖಾತೆ ತೆರೆದು, ಎರಡು ಹಂತದ ಲಾಗಿನ್ ಆನ್ ಮಾಡಿ, ಡೆವಲಪರ್ ಪುಟದಲ್ಲಿ ಒಂದು ಆ್ಯಪ್ ನೋಂದಾಯಿಸಬೇಕು. ಆಗ ಐಡಿ ಮತ್ತು ಸೀಕ್ರೆಟ್ ಸಿಗುತ್ತವೆ. ದುಡ್ಡೇನೂ ಕೇಳುವುದಿಲ್ಲ.

ಸಾಗರದಿಂದ:
ಅಣ್ಣಾ, ಡೇಟಾಬೇಸನ್ನು ಎಸ್‌ಡಿ ಕಾರ್ಡ್ ಮೇಲೆ ಇಡಬೇಡಿ. ನಮ್ಮಲ್ಲಿ ಮಳೆಗಾಲ ಅಂದರೆ ಗೊತ್ತಲ್ವಾ, ದಿನಕ್ಕೆ ಆರು ಸಲ ಕರೆಂಟ್ ಹೋಗುತ್ತದೆ. ಒಂದು ಸಲ ಹೋಗಿ ಬಂದಾಗ ಪೈ ಏಳಲೇ ಇಲ್ಲ. ಕಾರ್ಡ್ ಕೆಟ್ಟಿತ್ತು. ಈಗ ಎಲ್ಲ ಒಂದು ಎಸ್‌ಎಸ್‌ಡಿ ಮೇಲಿದೆ, ನೀಲಿ ಬಣ್ಣದ ಯುಎಸ್‌ಬಿ 3 ತೂತಿಗೆ ಚುಚ್ಚಿದ್ದೇನೆ. ರೌಟರ್‌ಗೆ ಇಟ್ಟ ಯುಪಿಎಸ್‌ನಂಥದ್ದೇ ಇದಕ್ಕೂ ಒಂದು ಹುಡುಕಿ. ಆದರೆ ಪೈ 4ಕ್ಕೆ 5 ವೋಲ್ಟ್ 3 ಆಂಪಿಯರ್ ಬೇಕು, ಕೊಳ್ಳುವಾಗ ನೋಡಿಕೊಳ್ಳಿ. ಹಳೇ ಮೊಬೈಲ್ ಚಾರ್ಜರ್ ಸಾಲದು.

ಬ್ಯಾಕಪ್‌ನಲ್ಲಿ ಅಸೆಟ್ಸ್ ಫೋಲ್ಡರ್ ಮರೆಯಬೇಡಿ. ಕವರ್‌ಗಳು ಮತ್ತೆ ಸ್ಕ್ಯಾನ್ ಮಾಡಿದರೆ ಬರುತ್ತವೆ. ಆದರೆ ಅಸೆಟ್ಸ್‌ನಲ್ಲಿರುವ, ಮಗಳು ಉಳಿಸಿಟ್ಟ ಆಟ ಹೋದರೆ ಮತ್ತೆ ಬರುವುದಿಲ್ಲ. ಆಮೇಲೆ ಮನೆಯಲ್ಲಿ ವಿಚಾರಣೆ ನಡೆಯುತ್ತದೆ.

ಧಾರವಾಡದಿಂದ:
ಇನ್ನೊಂದು ಮಾತು ಬಿಟ್ಟಿದ್ದೆ. ಇದನ್ನು ಮನೆ ವೈಫೈ ಒಳಗೇ ಇಡಿ, ಇಂಟರ್ನೆಟ್‌ಗೆ ತೆರೆಯಬೇಡಿ. ಗೇಮ್ ಹಳೇದಾದರೂ ಹಕ್ಕು ಇನ್ನೂ ಕಂಪನಿಗಳದ್ದೇ. ಕಾಂಟ್ರಾ ಕೊನಾಮಿಯದು, 2019ರಲ್ಲಿ ಹಳೇ ಕಾಂಟ್ರಾಗಳ ಸಂಗ್ರಹವನ್ನೂ ಮಾರಾಟಕ್ಕೆ ಬಿಟ್ಟಿದ್ದಾರೆ.

ಮಂಗಳೂರಿನಿಂದ:
ಎಲ್ಲರೂ ರಾಮ್‌ಎಮ್ ಅಂತಿದ್ದೀರಿ. ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಬರೀ ಹಾಲ್‌ನ ಟಿವಿಯಲ್ಲಿ ಆಡುವುದಾದರೆ ಇಷ್ಟೆಲ್ಲ ಯಾಕೆ? ಪೈಯನ್ನೇ ಗೇಮ್ ಯಂತ್ರ ಮಾಡುವ ಬಟೊಸೆರಾ ಅಥವಾ ರೆಟ್ರೋಪೈ ಹಾಕಿ, ಜಾಯ್‌ಸ್ಟಿಕ್ ಚುಚ್ಚಿ, ಮುಗಿಯಿತು. ಕವರ್ ಚಿತ್ರ ಅಲ್ಲೂ ಬರುತ್ತದೆ. ನಾಲ್ಕು ಕಡೆಯಿಂದ ಒಂದೇ ಲೈಬ್ರರಿ ತೆರೆಯಬೇಕು ಎನ್ನುವವರಿಗೆ ಮಾತ್ರ ರಾಮ್‌ಎಮ್. ರೆಟ್ರೋಪೈನಲ್ಲಿ ಒಂದು ಎಚ್ಚರ: ನೀವು ಮಾಡಿದ ಬದಲಾವಣೆ ಪಟ್ಟಿಗೆ ಸೇರುವುದು ಮೆನುವಿನಿಂದ ಸರಿಯಾಗಿ ಹೊರಬಂದಾಗ. ಪ್ಲಗ್ ಕಿತ್ತರೆ ಆ ಸಂಜೆಯ ಕೆಲಸ ಹೋಯಿತು.

ಹಾಸನದಿಂದ (ಕೇಳಿದವರು):
ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಕೂತು ರಾಮ್‌ಎಮ್ ಹಾಕಿದೆ, ಎಸ್‌ಎಸ್‌ಡಿ ಮೇಲೆ, ಇಪ್ಪತ್ತೆರಡು ಗೇಮ್. ಪಾಸ್‌ವರ್ಡ್ ಎಡವಟ್ಟು ನನಗೂ ಆಯಿತು. ಎಷ್ಟು ಹುಡುಕಿದರೂ ಕಾಂಟ್ರಾ ಮಾತ್ರ ಕಾಣಲಿಲ್ಲ. ಕೊನೆಗೆ ಗೊತ್ತಾಯಿತು, ನನ್ನ ಹತ್ತಿರ ಇದ್ದದ್ದು ಯುರೋಪಿನ ಪ್ರತಿ. ಅಲ್ಲಿ ಅದರ ಹೆಸರು ಪ್ರೊಬೋಟೆಕ್ಟರ್, ಸೈನಿಕರ ಬದಲು ರೋಬೋಟ್‌ಗಳು. ಅಮೆರಿಕದ ಪ್ರತಿ ತರೋಣ ಅಂದೆ. ಮಗಳು ಬಿಡಲಿಲ್ಲ. ರೋಬೋಟೇ ಚೆನ್ನಾಗಿದೆಯಂತೆ.