ನಾರ್ವೆಯ ಓಸ್ಲೋದಲ್ಲಿ ಎಲೆಕ್ಟ್ರಿಕ್ ದೋಣಿ ಸುತ್ತಾಟ, ಯಾರಾದ್ರೂ ಹೋಗಿದ್ದೀರಾ?

ಬಾಗಲಕೋಟೆ ಹುಡುಗ: ಜೂನ್‌ನಲ್ಲಿ ಅಪ್ಪ ಅವ್ವನನ್ನು ಓಸ್ಲೋಗೆ ಕರೆದುಕೊಂಡು ಹೊರಟಿದ್ದೇನೆ. ಅವ್ವನಿಗೆ ಡೀಸೆಲ್ ವಾಸನೆ ಬಂದರೆ ಸಾಕು, ತಲೆ ಸುತ್ತುತ್ತದೆ. ಬ್ಯಾಟರಿ ದೋಣಿ ಇದೆಯಂತೆ, ಆದರೆ ಟಿಕೆಟ್ ಸಿಕ್ಕಾಪಟ್ಟೆ ತುಟ್ಟಿ. ಹೋಗಬೇಕಾ?

ವಿಜಯಪುರದಕ್ಕ: ಹೋಗಿ ತಮ್ಮಾ. ಇಂಜಿನ್ ಗದ್ದಲ ಇರಲ್ಲ, ನೀರಿನ ಸಪ್ಪಳ ಕೇಳುತ್ತಾ ಕೂರಬಹುದು, ಗೈಡ್ ಕೂಗಾಡೋದೂ ಬೇಕಿಲ್ಲ. 2008ರಲ್ಲಿ ತೆರೆದ ಬಿಳಿ ಒಪೆರಾ ಹೌಸ್ ನೀರಿನಿಂದಲೇ ಎದ್ದು ಬಂದ ಹಾಗೆ ಕಾಣುತ್ತದೆ, ಪಕ್ಕದಲ್ಲೇ ಆಕರ್ಸ್‌ಹುಸ್ ಕೋಟೆ. ಸ್ವೆಟರ್ ಮಾತ್ರ ಮರೀಬೇಡಿ, ಜೂನ್‌ನಲ್ಲೂ ಗಾಳಿ ಕೊರೆಯುತ್ತದೆ.

ಬೆಳಗಾವಿ ಮಾವ: ನಾನು ಒಪ್ಪಲ್ಲ. ಸುಮ್ನೆ ಯಾಕೆ ಅಷ್ಟು ದುಡ್ಡು? ಟೌನ್ ಹಾಲ್ ಮುಂದಿನಿಂದ ದ್ವೀಪಗಳಿಗೆ ಹೋಗುವ ಸರ್ಕಾರಿ ದೋಣಿಗಳೂ ಎಲೆಕ್ಟ್ರಿಕ್ಕೇ, ಬಸ್ಸು ಟ್ರಾಮ್‌ನ ಟಿಕೆಟ್ಟೇ ಅದಕ್ಕೂ ನಡೆಯುತ್ತದೆ. ಹೋವೆಡಾಯಾ ದ್ವೀಪದಲ್ಲಿ ಇಳಿಯಿರಿ. 1147ರಲ್ಲಿ ಕಟ್ಟಿದ ಮಠದ ಪಾಳು ಗೋಡೆಗಳಿವೆ, ಹುಲ್ಲಿನ ಮೇಲೆ ಕೂತು ರೊಟ್ಟಿ ಶೇಂಗಾ ಚಟ್ನಿ ಬಿಚ್ಚಬಹುದು, ಯಾರೂ ಏನೂ ಅನ್ನಲ್ಲ.

ವಿಜಯಪುರದಕ್ಕ: ಮಾವಾರ, ಅದರಲ್ಲಿ ವಿವರಿಸೋರು ಯಾರೂ ಇರಲ್ಲ ಅಲ್ವಾ? ಬೇಸಿಗೆಯಲ್ಲಿ ರಶ್ಶೂ ಜಾಸ್ತಿ.

ಬಾಗಲಕೋಟೆ ಹುಡುಗ: ಅಪ್ಪ ರೊಟ್ಟಿ ಅಂದ ಕೂಡಲೇ ಮಾವನ ಪಾರ್ಟಿ. ಸಂಜೆ ದೋಣಿ ಹಿಡಿಯುತ್ತೇವೆ, ಹತ್ತು ಗಂಟೆವರೆಗೂ ಬೆಳಕಿರುತ್ತದಲ್ಲ.