ಮಗುವಿನ ವರದಿ ಬಂದಿದೆ, ತಾಯಿ ಊರಲ್ಲಿಲ್ಲ: ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರಕ್ಕೆ ತಲುಪಿಸುವುದು ಹೇಗೆ?

ಪ್ರಶ್ನೆ: ಐಸಿಟಿಸಿ (ಎಚ್‌ಐವಿ ಪರೀಕ್ಷೆ ಮತ್ತು ಸಮಾಲೋಚನಾ ಕೇಂದ್ರ) ಆಪ್ತ ಸಮಾಲೋಚಕಿ, ತಾಲ್ಲೂಕು ಆಸ್ಪತ್ರೆ

ಎಲ್ಲರಿಗೂ ನಮಸ್ಕಾರ. ನಾನು ಈ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದೆ. ಹೆರಿಗೆಗೆಂದು ತವರಿಗೆ ಬಂದಿದ್ದ, ಎಚ್‌ಐವಿ ಸೋಂಕಿರುವ ತಾಯಿಯೊಬ್ಬರ ಮಗುವಿಗೆ ಆರು ವಾರ ತುಂಬಿದಾಗ ಹಿಮ್ಮಡಿ ಚುಚ್ಚಿ, ರಕ್ತದ ಮಾದರಿ ಸಂಗ್ರಹಿಸುವ ಕಾರ್ಡಿನ ಐದು ವೃತ್ತಗಳಿಗೂ ರಕ್ತ ತುಂಬಿಸಿ, ಒಣಗಿಸಿ ಪ್ರಯೋಗಾಲಯಕ್ಕೆ ಕಳುಹಿಸಿದ್ದೆವು. ಮಗುವಿಗೆ ಸೋಂಕು ತಗುಲಿದೆಯೆಂದು ವರದಿ ಬಂದಿದೆ. ಅಷ್ಟರಲ್ಲಿ ತಾಯಿ ಬಾಣಂತನವನ್ನು ಅರ್ಧಕ್ಕೇ ಮುಗಿಸಿ, ಬೇರೆ ಜಿಲ್ಲೆಯಲ್ಲಿರುವ ಗಂಡನ ಮನೆಗೆ ಹೊರಟುಹೋಗಿದ್ದಾರೆ. ನಮ್ಮ ಪುಸ್ತಕದಲ್ಲಿರುವ ಫೋನ್ ನಂಬರ್ ಅವರ ಮೈದುನನದು. ಆತನಿಗೆ ವಿಷಯ ತಿಳಿದಿಲ್ಲ. ಗುಟ್ಟು ಬಯಲಾಗದಂತೆ ಮಗುವನ್ನು ಚಿಕಿತ್ಸೆಗೆ ಕರೆತರುವುದು ಹೇಗೆ? ಎರಡನೆಯ ಮಾದರಿಯ ವರದಿ ಬರುವವರೆಗೆ ಕಾಯಬಹುದೇ?

ಉತ್ತರ 1: ಹದಿನಾಲ್ಕು ವರ್ಷಗಳಿಂದ ಇದೇ ಕೆಲಸದಲ್ಲಿರುವವನು

ಮೇಡಂ, ಮೈದುನನ ಫೋನಿಗಿಂತ ಮೊದಲು ತಾಯಿಯ ಎಆರ್‌ಟಿ ದಾಖಲೆಯನ್ನು ನೋಡಿ. ಅವರು ತಮ್ಮ ಮಾತ್ರೆಗೆ ಯಾವ ಕೇಂದ್ರಕ್ಕೆ ಹೋಗುತ್ತಾರೆ, ಮುಂದಿನ ದಿನಾಂಕ ಯಾವುದು ಎಂಬುದು ಅಲ್ಲಿ ಇರುತ್ತದೆ. ಅಲ್ಲಿನ ಸಮಾಲೋಚಕರೊಂದಿಗೆ ನೀವೇ ಮಾತನಾಡಿ, ಮಗುವಿನ ವರದಿಯನ್ನು ಅವರಿಗೆ ತಲುಪಿಸಿ, ತಲುಪಿತೆಂದು ಖಚಿತಪಡಿಸಿಕೊಳ್ಳಿ. ಚೀಟಿ ಬರೆದು ಕೊಟ್ಟರೆ ನಮ್ಮ ಕೆಲಸ ಮುಗಿಯಿತು ಎಂದುಕೊಳ್ಳುವುದರಿಂದಲೇ ಎಷ್ಟೋ ಮಕ್ಕಳು ಎರಡು ಊರುಗಳ ನಡುವೆ ಕಳೆದುಹೋಗುತ್ತವೆ. ಮಾತ್ರೆಯ ದಿನಾಂಕ ದೂರವಿದ್ದರೆ ಫೋನ್ ಮಾಡಲೇಬೇಕಾಗುತ್ತದೆ. ಆಗ ‘ಮಗುವಿನ ಲಸಿಕೆ ಬಾಕಿಯಿದೆ’ ಎಂದಷ್ಟೇ ಹೇಳಿ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಮನೆಯವರಿಗೂ ವಿಷಯ ತಿಳಿಸುವಂತಿಲ್ಲ.

ಉತ್ತರ 2: ಮಕ್ಕಳ ವೈದ್ಯೆ

ಕಾಯಬಾರದು. ರಕ್ತದಲ್ಲಿ ವೈರಸ್ಸನ್ನೇ ಹುಡುಕುವ ಮೊದಲ ಪಿಸಿಆರ್ ಪರೀಕ್ಷೆಯಲ್ಲಿ ಸೋಂಕು ಕಂಡ ಕೂಡಲೇ ಚಿಕಿತ್ಸೆ ಆರಂಭಿಸಿ, ಖಚಿತಪಡಿಸಿಕೊಳ್ಳಲು ಎರಡನೆಯ ಮಾದರಿಯನ್ನು ಅದೇ ವೇಳೆಗೆ ತೆಗೆಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚಿಕಿತ್ಸೆಯಿಲ್ಲದ ಸೋಂಕಿತ ಶಿಶುಗಳಲ್ಲಿ ಸುಮಾರು ಮೂರರಲ್ಲೊಂದು ಮಗು ಮೊದಲ ಹುಟ್ಟುಹಬ್ಬವನ್ನೇ ಕಾಣುವುದಿಲ್ಲ, ಎರಡು ವರ್ಷದೊಳಗೆ ಅರ್ಧದಷ್ಟು ಮಕ್ಕಳು ತೀರಿಕೊಳ್ಳುತ್ತವೆ. ದಕ್ಷಿಣ ಆಫ್ರಿಕಾದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಗಲಕ್ಷಣಕ್ಕಾಗಿ ಕಾಯದೆ ಏಳನೆಯ ವಾರದ ಆಸುಪಾಸಿನಲ್ಲೇ ಔಷಧ ಆರಂಭಿಸಿದ್ದರಿಂದ ಶಿಶುಮರಣ ಶೇ. 76ರಷ್ಟು ಕಡಿಮೆಯಾಯಿತು. ಮಗು ಮೈಕೈ ತುಂಬಿಕೊಂಡು ನಗುತ್ತಿದೆ ಎಂಬುದು ತಡಮಾಡಲು ಕಾರಣವಲ್ಲ.

ಮುಂಜಾಗ್ರತೆಗೆಂದು ಕೊಟ್ಟ ನೆವಿರಪಿನ್ ದ್ರವವನ್ನೇ ಚಿಕಿತ್ಸೆ ಎಂದು ಕೆಲವು ತಾಯಂದಿರು ತಿಳಿದಿರುತ್ತಾರೆ. ಅದು ಬೇರೆ, ಇದು ಬೇರೆ ಎಂದು ಬಿಡಿಸಿ ಹೇಳಿ. ನಾಲ್ಕು ವಾರ ತುಂಬಿ, ಮೂರು ಕಿಲೋ ತೂಕವಿರುವ ಮಗುವಿಗೆ ನೀರಿನಲ್ಲಿ ಕರಗುವ 10 ಮಿಲಿಗ್ರಾಂ ಡೊಲುಟೆಗ್ರಾವಿರ್ ಮಾತ್ರೆಯನ್ನು ಇತರ ಔಷಧಗಳ ಜೊತೆಗೆ ಕೊಡಬಹುದು. ತೂಕ ಏರಿದಂತೆ ಪ್ರಮಾಣವೂ ಬದಲಾಗುವುದರಿಂದ ಪ್ರತಿ ಭೇಟಿಯಲ್ಲೂ ತೂಗಲೇಬೇಕು. ಎದೆಹಾಲು ನಿಲ್ಲಿಸಬೇಕಾಗಿಲ್ಲ.

ಉತ್ತರ 3: ಸೋಂಕಿನೊಂದಿಗೆ ಬದುಕುತ್ತಿರುವ ತಾಯಿ

ಉತ್ತರ 1ರ ಸರ್ ಅವರು ಹೇಳಿದ ಲಸಿಕೆಯ ಮಾತಿನ ಬಗ್ಗೆ ನನ್ನ ತಕರಾರಿದೆ. ನನ್ನ ಮಗಳ ವಿಷಯದಲ್ಲಿ ಹಾಗೆಯೇ ಫೋನ್ ಬಂದಾಗ, ಅತ್ತೆಯವರೇ ತಾಯಿ ಕಾರ್ಡ್ ಹಿಡಿದುಕೊಂಡು ಆಶಾ ಕಾರ್ಯಕರ್ತೆಯ ಮನೆಗೆ ಹೋಗಿ ವಿಚಾರಿಸಿದರು. ಯಾವ ಲಸಿಕೆಯೂ ಬಾಕಿಯಿರಲಿಲ್ಲ. ಅಂದು ಸಂಜೆ ಮನೆಯಲ್ಲಿ ನಡೆದ ವಿಚಾರಣೆಯನ್ನು ಇಲ್ಲಿ ಬರೆಯಲಾರೆ. ಹತ್ತನೆಯ ಅಥವಾ ಹದಿನಾಲ್ಕನೆಯ ವಾರದ ಲಸಿಕೆ ನಿಜವಾಗಿಯೂ ಬಾಕಿಯಿದ್ದರೆ ಮಾತ್ರ ಆ ಮಾತು ಹೇಳಿ. ಇಲ್ಲವಾದರೆ, ಆಕೆಯ ತವರಿನಲ್ಲಿ ವಿಷಯ ತಿಳಿದವರು ಯಾರಾದರೂ ಇದ್ದಾರೆಯೇ ಎಂದು ನೋಡಿ. ನನ್ನನ್ನು ಕೊನೆಗೆ ಎಆರ್‌ಟಿ ಕೇಂದ್ರಕ್ಕೆ ಕರೆದುಕೊಂಡು ಹೋದವಳು ನನ್ನ ಅಕ್ಕ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಗರ್ಭಿಣಿಯಾಗಿದ್ದಾಗ ಸಮಾಲೋಚನೆಗೆ ಆಕೆಯ ತಾಯಿಯೂ ಜೊತೆಯಲ್ಲಿ ಬಂದಿದ್ದರು, ಅವರಿಗೆ ಎಲ್ಲವೂ ಗೊತ್ತಿದೆ ಎಂಬುದು ಉತ್ತರ 3 ಓದಿದಾಗ ನೆನಪಾಯಿತು. ನಿನ್ನೆ ಅವರ ಮನೆಗೆ ಹೋಗಿದ್ದೆ. ಸೋಮವಾರ ತಾವೇ ಹೋಗಿ ಮಗಳು, ಮೊಮ್ಮಗು ಇಬ್ಬರನ್ನೂ ಆ ಜಿಲ್ಲೆಯ ಎಆರ್‌ಟಿ ಕೇಂದ್ರಕ್ಕೆ ಕರೆದೊಯ್ಯುವುದಾಗಿ ಒಪ್ಪಿದ್ದಾರೆ. ಅಲ್ಲಿನ ಸಮಾಲೋಚಕರಿಗೆ ವರದಿ ತಲುಪಿದೆ. ಮಗುವಿನ ಹೆಸರು ನೋಂದಣಿಯಾದ ಕೂಡಲೇ ತಿಳಿಸುತ್ತೇನೆ ಎಂದಿದ್ದಾರೆ.